ಕೊನೆಯ ಬಕೆಟ್ಟಿನ ಉಪ್ಪು

ಮೊನ್ನೆ ಶನಿವಾರ ಅಹಮದಾಬಾದಿನ ಅಂಚಿನ ಬೋಪಾಲ್‌ನ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಬೆಂಕಿ ಆರಿಸುವ ತಾಲೀಮು ನಡೆಯಿತು. ಕೆಂಪು ಸಿಲಿಂಡರ್ ಹಿಡಿದ ಹುಡುಗನೊಬ್ಬ ತಗಡಿನ ಡಬ್ಬಿಯಲ್ಲಿ ಹಳೇ ಬಟ್ಟೆಗೆ ಬೆಂಕಿ ಹಚ್ಚಿ, ಅದರ ಮೇಲೆ ಬುಸ್ಸೆಂದು ಪುಡಿ ಬಿಟ್ಟ. ಬೆಂಕಿ ಆರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ನನಗೆ ಮಾತ್ರ ಕೆನೆಬಣ್ಣದ ಆ ಪುಡಿಯ ಅಭಿಷೇಕವಾಯಿತು. ಮಗಳು ಓಡಿ ಬಂದು ಸೆರಗು ಕೊಡವುತ್ತಾ, "ಅಮ್ಮ, ಮೂಗಿಗೆ ಹೋಯ್ತಾ? ಏನು ಕೆಮಿಕಲ್ಲೋ ಏನೋ" ಎಂದು ಸಿಲಿಂಡರಿನ ಮೇಲಿನ ಚೀಟಿ ಓದಿದಳು. ಅಮೋನಿಯಂ ಫಾಸ್ಫೇಟ್.

ಆ ಹೆಸರನ್ನು ನಾನು ಕೇಳಿ ಅರ್ಧ ಶತಮಾನ ದಾಟಿತ್ತು. ನನ್ನ ಮಗಳ ಬಾಯಿಂದಲೇ ಕೇಳಬೇಕಾಗಿತ್ತು ನೋಡಿ... ಆ ಉಪ್ಪಿನ ಋಣ ನನಗಿಂತ ಹೆಚ್ಚಾಗಿ ಅವಳದು. ಒಳಗೆ ಬಂದು ಮುಖ ತೊಳೆದುಕೊಂಡರೂ ಮನಸ್ಸು ಮಣಿನಗರದ ಮನೆಯ ಮೆಟ್ಟಿಲ ಮೇಲೇ ನಿಂತುಬಿಟ್ಟಿತ್ತು.

ಅರವತ್ತರ ದಶಕದ ನಡುವೆ ಮದುವೆಯಾಗಿ ನಾನು ತುಮಕೂರಿನಿಂದ ಅಹಮದಾಬಾದಿಗೆ ಬಂದೆ. ನಮ್ಮವರಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ. ಮಣಿನಗರದಲ್ಲಿ ಎರಡು ಅಂತಸ್ತಿನ ಒಂದು ಮನೆಯ ಕೆಳಭಾಗದಲ್ಲಿ ನಾವು ಮೂವರು: ನಾನು, ನಮ್ಮವರು, ನಮ್ಮತ್ತೆ. ಮೇಲಿನ ಭಾಗದಲ್ಲಿ ಒಬ್ಬರೇ ಇದ್ದವರು ಧಾರವಾಡದ ಕಡೆಯ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಬಟ್ಟೆ ಗಿರಣಿಗಳಿಗಾಗಿ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರದ ಕೆಲಸ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೀದಿಯ ಗುಜರಾತಿಗಳು ಅದೇ ಅರ್ಥದಲ್ಲಿ ಬೆನ್ ಎನ್ನುತ್ತಿದ್ದರು. ನಮ್ಮತ್ತೆ ಮಾತ್ರ ಅವರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದ ಕೂಡಲೇ, "ಬಂದಳು ನೋಡು ಲ್ಯಾಬೋರೇಟರಿ" ಎನ್ನುತ್ತಿದ್ದರು. ಅದರಲ್ಲಿ ಅರ್ಧ ತಮಾಷೆ, ಅರ್ಧ ಭಯ.

ಅಕ್ಕ ಎತ್ತರದ ಆಳು. ಉಡುತ್ತಿದ್ದುದು ಯಾವಾಗಲೂ ಬಿಳಿಯ ಮೇಲೆ ಸಣ್ಣ ಅಂಚಿನ ಹತ್ತಿ ಸೀರೆ. ಅದು ಸ್ವಲ್ಪ ಒರಟಾಗಿ, ಕುಂತರೆ ನಿಂತರೆ ಸರಬರ ಸದ್ದು ಮಾಡುತ್ತಿತ್ತು. ಗಂಜಿ ಹೆಚ್ಚಾಗಿದೆ ಎಂದುಕೊಂಡಿದ್ದೆ. ಆ ಸದ್ದು ಗಂಜಿಯದಲ್ಲ ಎಂದು ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಆಗ ಎಲ್ಲರ ಮನೆಯಲ್ಲೂ ಸೀಮೆಎಣ್ಣೆಯ ಪಂಪ್ ಸ್ಟವ್. ಅದರ ಮುಂದೆ ಕೂತು ಗಾಳಿ ಹೊಡೆಯುವಾಗ ಯಾವಾಗ ಭುಗಿಲ್ ಎನ್ನುತ್ತದೋ ಹೇಳುವಂತಿರಲಿಲ್ಲ. ನಾನು ಬಂದ ವರ್ಷವೇ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಸೊಸೆ ಹೀಗೆ ಸೆರಗಿಗೆ ಬೆಂಕಿ ಹತ್ತಿ ಹೋಗಿಬಿಟ್ಟಳು. ನನ್ನದೇ ವಯಸ್ಸು. ಹಿಂದಿನ ದಿನ ತಾನೇ ಕೈಗಾಡಿಯವನ ಹತ್ತಿರ ನಿಂತು ಬದನೆಕಾಯಿ ಆರಿಸುತ್ತಿದ್ದವಳು... ಆ ಸಂಜೆ ಅಕ್ಕ ಮೆಟ್ಟಿಲ ಮೇಲೆ ಕೂತು ತಮ್ಮ ಸೆರಗಿನ ಅಂಚನ್ನು ಬೆರಳಲ್ಲಿ ತಿರುಚುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಾವು ಅಲ್ಲೆ ಗುಡಾರದ ಬಟ್ಟಿಗೆ, ನಾಟಕದ ಪರದೆಗೆ ಬೆಂಕಿ ಹತ್ತಧಂಗ ಮಾಡತೀವಿ, ತಂಗಿ. ನನ್ನ ಸೀರಿಗೂ ಅದನ್ನ ಹಚ್ಚಿ ನೋಡೇನಿ. ಗುಡಾರಕ್ಕಿದ್ದ ಭಾಗ್ಯ ಎಲ್ಲಾರ ಸೀರಿಗೆ ಯಾಕಿಲ್ಲ?" ಎಂದರು.

ಮುಂದಿನ ವಾರ ನರೋಡಾದಿಂದ ಬಸ್ಸಿನಲ್ಲಿ ಒಂದು ಚೀಲ ಹೊತ್ತು ತಂದರು. ಅಲ್ಲಿ ಆಗ ಹೊಸದಾಗಿ ಕಾರ್ಖಾನೆಗಳು ಏಳುತ್ತಿದ್ದವು. ಚೀಲದಲ್ಲಿದ್ದುದು ಇದೇ ಅಮೋನಿಯಂ ಫಾಸ್ಫೇಟ್, ಕಲ್ಲುಸಕ್ಕರೆ ಕುಟ್ಟಿದಂಥ ಬಿಳಿಯ ಹರಳು. ಮೂಗಿನ ಹತ್ತಿರ ಹಿಡಿದರೆ ಚೂರು ಘಾಟು. ನೀರಿಗೆ ಹಾಕಿ ಕಲಕಿದರೆ ಸುಲಭವಾಗಿ ಕರಗುತ್ತಿತ್ತು, ಪಾತ್ರೆ ಕೈಗೆ ತಣ್ಣಗಾಗುತ್ತಿತ್ತು. ಅದರಲ್ಲಿ ಒಗೆದ ಸೀರೆ ಅದ್ದಿ, ಹಿಂಡಿ, ನೆರಳಲ್ಲಿ ಒಣಗಿಸಬೇಕು. ಇಸ್ತ್ರಿ ಮಾಡಕೂಡದು, ಬಿಸಿ ತಾಗಿದರೆ ಅದರೊಳಗಿನ ಅಮೋನಿಯಾ ಹಾರಿಹೋಗಿ ಬಟ್ಟೆ ಹಳದಿಯಾಗುತ್ತದೆ. ಮತ್ತೆ ಒಗೆದರೆ ಉಪ್ಪೆಲ್ಲ ನೀರಿನ ಜೊತೆ ಹೋಯಿತು, ಮತ್ತೆ ಅದ್ದಬೇಕು. ಆದ್ದರಿಂದ ಒಗೆತದ ಕಟ್ಟಕಡೆಯ ಬಕೆಟ್ಟು ಇದೇ ಆಗಿರಬೇಕು, ಇದಾದ ಮೇಲೆ ಇನ್ನೊಂದು ಹನಿ ನೀರು ಸೋಕಬಾರದು. ಇದನ್ನೆಲ್ಲ ಅವರು ಅಡುಗೆ ಹೇಳಿಕೊಡುವ ಹಾಗೆ ಹೇಳಿಕೊಡುತ್ತಿದ್ದರು.

ಅದು ಹೇಗೆ ಬೆಂಕಿ ತಡೆಯುತ್ತದೆ ಎಂದು ಕೇಳಿದ್ದೆ. "ಬೆಂಕಿ ಬಟ್ಟಿ ತಿನ್ನಂಗಿಲ್ಲ ತಂಗಿ, ಬಟ್ಟಿ ಕಾದಾಗ ಏಳತದಲ್ಲ ಆ ಹೊಗಿ, ಅದನ್ನ ತಿಂತದ. ಈ ಉಪ್ಪು ಬಟ್ಟಿಗೆ ಹೊಗಿ ಆಗಾಕ ಬಿಡಂಗಿಲ್ಲ. ಅಲ್ಲೇ ಇದ್ದಿಲ ಮಾಡಿ ಕೂಡಸತದ. ಊಟ ಇಲ್ಲದ ಬೆಂಕಿ ಸಾಯತದ." ಇಷ್ಟೇ ವಿವರಣೆ. ಕಾಲೇಜಿನ ಮೆಟ್ಟಿಲು ಹತ್ತದ ನನಗೆ ಅದು ಇವತ್ತಿಗೂ ಮರೆತಿಲ್ಲ ಎಂದರೆ ಅವರ ಹೇಳಿಕೆಯ ಚಂದ ಎಂಥದಿರಬೇಕು!

ಬೀದಿಯ ಹೆಂಗಸರು ಮೊದಲು ನಕ್ಕರು. ಉಪ್ಪಿನ ಸೀರೆ ಎಂದು ಹೆಸರಿಟ್ಟರು. ಬೆವರಿದರೆ ಕಚ್ಚುತ್ತದೆ, ಮಡಿಕೆ ಕೂತಲ್ಲಿ ಬಿಳಿ ಗೆರೆ ಬೀಳುತ್ತದೆ, ಸೀರೆ ಬೇಗ ಜೀರ್ಣವಾಗುತ್ತದೆ ಎಂದು ದೂರಿದರು. ದೂರೆಲ್ಲ ನಿಜವೇ ಆಗಿತ್ತು, ಅಕ್ಕ ಒಂದನ್ನೂ ಅಲ್ಲಗಳೆಯಲಿಲ್ಲ. "ಹೌದು, ಸೀರಿ ಲಗೂ ಹರೀತದ. ಸೀರಿ ಹರೀಲಿ" ಎಂದು ಗುಜರಾತಿಯಲ್ಲೂ ಹೇಳಿದರು. ಬಟ್ಟೆಯ ಚೂರನ್ನು ಉರಿಗೆ ಹಿಡಿದು ತೋರಿಸಿದರೂ ಯಾರೂ ನಂಬಲಿಲ್ಲ. ಕಡೆಗೆ ಒಂದು ಭಾನುವಾರ ನಮ್ಮ ಅಂಗಳದಲ್ಲಿ ಎಲ್ಲರೂ ಹಪ್ಪಳ ಒಣಗಿಸುತ್ತಾ ಕೂತಿದ್ದಾಗ, ಅಕ್ಕ ಒಂದು ಸ್ಟವ್ ತಂದಿಟ್ಟು ಹಚ್ಚಿ, ತಾವು ಉಟ್ಟ ಸೀರೆಯ ಸೆರಗನ್ನೇ ಉರಿಗೆ ಹಿಡಿದುಬಿಟ್ಟರು.

ಹೆಂಗಸರೆಲ್ಲ ಕಿರುಚಿದರು. ಸೆರಗಿನ ತುದಿ ಕಪ್ಪಾಯಿತು, ಕಮಟು ಹೊಗೆ ಬಂತು, ಉರಿ ಮಾತ್ರ ಮೇಲೇರಲಿಲ್ಲ. ಅಷ್ಟರಲ್ಲಿ ನಮ್ಮತ್ತೆ ಒಳಗಿನಿಂದ ಕೊಡ ಎತ್ತಿಕೊಂಡು ಓಡಿ ಬಂದು ಅಕ್ಕನ ತಲೆಯ ಮೇಲೆ ದಬದಬ ಸುರಿದರು. ತೊಯ್ದು ತೊಪ್ಪೆಯಾಗಿ ನಿಂತ ಅಕ್ಕ, "ಕಾಕು, ಉಪ್ಪೆಲ್ಲ ತೊಳದ ಹೋತಲ್ರೀ! ಈಗ ಖರೇನ ಬೆಂಕಿ ಹತ್ತತದ" ಎಂದು ನಗತೊಡಗಿದರು. ಅವರ ಕಡೆ ಚಿಕ್ಕಮ್ಮನ ವರಸೆಯವರನ್ನು ಕಾಕು ಎನ್ನುತ್ತಾರೆ. ಅಂದಿನಿಂದ ಬೀದಿಯ ಬಹಳ ಮನೆಗಳಲ್ಲಿ ಅಡುಗೆಯ ಸೀರೆ ಉಪ್ಪು ಕಂಡಿತು.

ಅತಿ ಕಷ್ಟವಾದದ್ದು ಅಕ್ಕನ ಸ್ವಂತ ಭಾಷೆಯ ನಮ್ಮ ಮನೆಯೇ. ನಮ್ಮಲ್ಲಿ ಅಡುಗೆ ಮಡಿಯಲ್ಲಿ. ಬೆಳಗಿನ ಜಾವ ಅತ್ತೆಯೇ ನನ್ನ ಸೀರೆ, ತಮ್ಮ ಸೀರೆ ಎರಡನ್ನೂ ಒಗೆದು, ಯಾರೂ ಮುಟ್ಟದ ಹಾಗೆ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದರು. ಮಾರನೆಯ ದಿನ ಸ್ನಾನವಾದ ಮೇಲೆ ಅದನ್ನು ಉಟ್ಟೇ ಒಲೆಯ ಮುಂದೆ ಹೋಗಬೇಕು. ಅಂದರೆ ಬೆಂಕಿಯ ಮುಂದೆ ಉಡುವ ಸೀರೆಯೇ ದಿನಾ ಒಗೆಯುವ ಸೀರೆ. ಅಕ್ಕ ಮೊದಲು, ಉಪ್ಪನ್ನು ಗಂಜಿಯಲ್ಲಿ ಬೆರೆಸಿಬಿಡೋಣ ಎಂದರು. ಅತ್ತೆ ಹೌಹಾರಿದರು. ಅನ್ನದ ಗಂಜಿ ಮುಸುರೆ, ಅದು ತಾಗಿದ ಸೀರೆ ಮಡಿ ಹೇಗಾದೀತು?

"ಬರೇ ನೀರಾಗ ಹಾಕ್ರಿ ಹಂಗಾದರ" ಎಂದರು ಅಕ್ಕ.

"ಅದು ಯಾತರದಮ್ಮ? ಎಲುಬಿನದಾ?" ಅತ್ತೆ ಕೇಳಿದರು. ಫಾಸ್ಫೇಟ್ ಎಂದರೆ ಎಲುಬಿನ ಪುಡಿ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಎಲುಬೂ ಇಲ್ಲ ಗಿಲುಬೂ ಇಲ್ರೀ. ಕಲ್ಲಿನಿಂದ ತಗದ ಆಮ್ಲ, ಅದಕ್ಕ ಅಮೋನಿಯಾ ಅನಿಲ ಬಿಡತಾರ. ಎರಡೂ ಕೂಡಿದವಂದ್ರ ಹರಳ ಕಟ್ಟತದ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಅತ್ತೆಯ ಹಿಂದೆ ನಿಂತು ಕಣ್ಣು ಮಿಟುಕಿಸಿದೆ. ಆದರೆ ಅರ್ಧ ಸತ್ಯ ಹೇಳಿ ಕೆಲಸ ಸಾಧಿಸುವುದು ಅಕ್ಕನ ಜಾಯಮಾನವಲ್ಲ. "ರೈತರು ಇದನ್ನ ಗೊಬ್ಬರಾಂತ ಹೊಲಕ್ಕೂ ಹಾಕತಾರ. ಬರೋಡಾದ ಹತ್ರ ಇಂಥಾವು ಮಾಡೋ ದೊಡ್ಡ ಕಾರ್ಖಾನೆನ ಏಳಾಕತ್ತದ" ಎಂದು ಸೇರಿಸಿಬಿಟ್ಟರು.

"ಗೊಬ್ಬರ! ಮಡಿ ಸೀರೇನ ಗೊಬ್ಬರದಲ್ಲಿ ಅದ್ದಬೇಕಾ ನಾನು?"

"ಸಗಣಿ ಹಾಕಿ ನೆಲ ಸಾರಸತೀರಲ್ರೀ ಕಾಕು, ಅದೂ ಗೊಬ್ಬರನ."

ಆಗ ನಾನು ಬಸುರಿ. ನನಗೆ ಐದು ತಿಂಗಳು ತುಂಬಿದೆ, ಬಗ್ಗಿ ಗಾಳಿ ಹೊಡೆಯುವಾಗ ಸೆರಗು ಜಾರುತ್ತದೆ ಎಂದು ನಮ್ಮವರೂ ಒಂದು ಮಾತು ಹಾಕಿದರು. ಕಡೆಗೆ ಅತ್ತೆ, ಆಯಿತು ಅದ್ದುತ್ತೇನೆ ಎಂದು ಒಪ್ಪಿಕೊಂಡರು. ಎಲ್ಲರಿಗೂ ಸಮಾಧಾನವಾಯಿತು.

ಅಕ್ಕನದು ಇನ್ನೊಂದು ಪದ್ಧತಿ ಇತ್ತು. ಶನಿವಾರ ಸಂಜೆ ಉಪ್ಪು ಕೊಟ್ಟ ಮನೆಗಳಿಗೆಲ್ಲ ಹೋಗಿ, ಅಂದು ಅಡುಗೆ ಮಾಡಿದ ಸೀರೆಯ ಸೆರಗಿನಿಂದ ಒಂದು ದಾರ ಕೇಳುತ್ತಿದ್ದರು. ಬೆಂಕಿಕಡ್ಡಿ ಗೀರಿ ಆ ದಾರಕ್ಕೆ ಹಿಡಿಯುವುದು. ಕಪ್ಪಾಗಿ ನಿಂತರೆ ಸರಿ, ಮುಂದಿನ ಮನೆ. ಮಕ್ಕಳು ಇದನ್ನೊಂದು ಆಟವೆಂದು ಅವರ ಹಿಂದೆ ಸುತ್ತುತ್ತಿದ್ದವು. ಅತ್ತೆ ಒಪ್ಪಿದ ಮೇಲಿನ ಮೊದಲ ಶನಿವಾರ ನಮ್ಮ ಬಾಗಿಲಿಗೂ ಬಂದರು. ನಾನು ಸಂಭ್ರಮದಿಂದ ದಾರ ಎಳೆದುಕೊಟ್ಟೆ. ಕಡ್ಡಿ ತಾಗಿದ್ದೇ ತಡ, ಉರಿ ಸರ್ರನೆ ಏರಿ ದಾರ ಬೂದಿಯಾಯಿತು.

ಅಕ್ಕನ ಮುಖ ಬಿಳಿಚಿಕೊಂಡಿತು. ಇನ್ನೊಂದು ದಾರ ಕೇಳಿದರು. ಅದೂ ಹಾಗೇ. ಅವರ ದೃಷ್ಟಿ ನನ್ನ ಹೊಟ್ಟೆಯ ಮೇಲೆ ನಿಂತಿತ್ತು.

ಅತ್ತೆ ಬಾಗಿಲ ಹಿಂದಿನಿಂದಲೇ ಹೇಳಿದರು: "ಉಪ್ಪಲ್ಲಿ ಅದ್ದಿದೆನಮ್ಮ, ಸುಳ್ಳು ಹೇಳಲ್ಲ. ಅದ್ದಿ ಆದಮೇಲೆ ಮನಸ್ಸು ತಡೀಲಿಲ್ಲ. ಇನ್ನೊಂದು ಬಕೆಟ್ ಒಳ್ಳೇ ನೀರಲ್ಲಿ ಜಾಲಿಸಿ ಹಾಕಿದೆ. ಕೊನೇ ನೀರು ಮಡಿ ನೀರೇ ಆಗಬೇಕಲ್ಲ."

ವಾರವಿಡೀ ನಾನು ಬರಿಯ ಹತ್ತಿಯನ್ನು ಉಟ್ಟು, ಏನೂ ಆಗದು ಎಂಬ ಧೈರ್ಯದಲ್ಲಿ ಎಂದಿಗಿಂತ ಹತ್ತಿರ ಕೂತು ಗಾಳಿ ಹೊಡೆದಿದ್ದೆ. ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅಳುವೇ ಬಂದುಬಿಟ್ಟಿತು. ಅಕ್ಕನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಜಗಳವಾಡುತ್ತಿದ್ದರು, ಇಲ್ಲವೇ ನಿಮ್ಮ ಹಣೆಬರಹ ಎಂದು ಎದ್ದುಹೋಗುತ್ತಿದ್ದರು. ಅವರು ಕಡ್ಡಿಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು.

ಮರುದಿನ ಬೆಳಗಿನ ಜಾವ ಬಾಗಿಲು ತಟ್ಟಿದ ಸದ್ದು. ನೋಡಿದರೆ ಅಕ್ಕ, ತಲೆಗೆ ಸ್ನಾನ ಮಾಡಿ ಒದ್ದೆಗೂದಲಲ್ಲಿ, ಹೊಸಲಿನ ಆಚೆ. ಕೈಯಲ್ಲಿ ಬಾಯಿ ಹೊಲಿದ ಉಪ್ಪಿನ ಪೊಟ್ಟಣ. ಅದನ್ನು ಕೆಳಗಿಟ್ಟು ಹಿಂದೆ ಸರಿದು ನಿಂತರು.

"ಕಾಕು, ನಿಮ್ಮ ಮಾತು ಖರೇ ಅದ. ಕೊನೀ ನೀರು ಮಡಿ ನೀರ ಆಗಬೇಕು. ನೀವ ನೀರು ಸೇದ್ರಿ, ನೀವ ಪೊಟ್ಟಣ ಬಿಚ್ಚರಿ, ನೀವ ಕರಗಸ್ರಿ. ನಾ ಮುಟ್ಟಂಗಿಲ್ಲ, ಇಲ್ಲೇ ನಿಂತು ಹೇಳತೀನಿ. ಅಂಗಡಿಯಾಗಿನ ಉಪ್ಪು, ಬೆಲ್ಲ ಒಣಾ ಇದ್ದಾಗ ಅದಕ್ಕ ಮೈಲಿಗಿ ಇಲ್ಲ ಹೌದಲ್ರೀ? ಇದೂ ಒಣಾ ಉಪ್ಪು."

ಅತ್ತೆ ಬಹಳ ಹೊತ್ತು ಪೊಟ್ಟಣ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಎತ್ತಿಕೊಂಡರು. ಒಬ್ಬರು ಹೊಸಲಿನ ಆಚೆಯಿಂದ ಹೇಳುವುದು, ಒಬ್ಬರು ಬಚ್ಚಲಿನಲ್ಲಿ ಮಾಡುವುದು. "ಇನ್ನೊಂದು ಹಿಡಿ ಹಾಕ್ರಿ", "ಸಾಕೇನಮ್ಮ", "ಇನ್ನ ಕರಗಲಿ"... ಇಬ್ಬರೂ ಸೇರಿ ಮದುವೆಯ ಮನೆಯಲ್ಲಿ ಪಾಕ ಹಿಡಿಯುತ್ತಿದ್ದಾರೇನೋ ಎನ್ನಿಸುತ್ತಿತ್ತು. ಅಂದಿನಿಂದ ಪ್ರತಿದಿನ ಆಫೀಸಿಗೆ ಹೋಗುವವರು ಜಾವದಲ್ಲೆದ್ದು, ತಣ್ಣೀರು ಮಿಂದು ಬಂದು ಹೊಸಲಲ್ಲಿ ನಿಲ್ಲುತ್ತಿದ್ದರು. ಮಡಿಯಲ್ಲಿ ಅವರಿಗೆ ನಂಬಿಕೆ ಇತ್ತೆಂದು ನಾನು ತಿಳಿದಿಲ್ಲ, ಅವರ ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿ ತುಂಬ ಇರುತ್ತಿತ್ತು. ಆದರೂ ಅತ್ತೆಯ ಕೈಗೆ ಹದ ಕೂರುವವರೆಗೆ ಬಂದರು. ಅದ್ದಿ ಉಳಿದ ನೀರಿಗೆ ಬೇಕಾದಷ್ಟು ಬರೀ ನೀರು ಬೆರೆಸಿ ತುಳಸಿಗೆ ಹಾಕಿ ಎಂದೂ ಅವರೇ ಹೇಳಿಕೊಟ್ಟದ್ದು. ತುಳಸಿ ಚಿಗುರಿದ ಪರಿ ಕಂಡ ಮೇಲೆ ಅತ್ತೆಗೆ ಆ ಉಪ್ಪಿನ ಮೇಲೆ ಗೌರವ ಬಂತು.

ಶನಿವಾರಗಳಲ್ಲಿ ನಮ್ಮ ಮನೆಯ ದಾರ ಈಗ ಕಪ್ಪಾಗಿ ನಿಲ್ಲುತ್ತಿತ್ತು.

ನನಗೆ ಏಳನೇ ತಿಂಗಳು ನಡೆಯುತ್ತಿದ್ದಾಗ ಅದು ಆಯಿತು. ಬೆಳಿಗ್ಗೆ ಹುಳಿಗೆ ಬೇಳೆ ಇಟ್ಟಿದ್ದೆ. ಸ್ಟವ್ವಿನ ತೂತು ಕಟ್ಟಿಕೊಂಡು ಉರಿ ಸಣ್ಣಗಾಯಿತು. ಪಿನ್ನು ಹಾಕಿ ಬಗ್ಗಿ ಗಾಳಿ ಹೊಡೆದೆ. ಒಮ್ಮೆಲೇ ಎಣ್ಣೆ ಚಿಮ್ಮಿ ಉರಿ ಎದೆಯೆತ್ತರಕ್ಕೆ ಎದ್ದಿತು. ನನ್ನ ಸೆರಗು ಅದರೊಳಗೇ ಇತ್ತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ದೇವರ ಮನೆಯಿಂದ ಅತ್ತೆ ಓಡಿ ಬಂದದ್ದು, ನಾನು ಗೋಡೆಗೆ ಆತು ಕಣ್ಣು ಮುಚ್ಚಿಕೊಂಡದ್ದು, ಬೆಂಕಿ ಮೈಮೇಲೆ ಏರುವುದನ್ನು ಕಾದದ್ದು ನೆನಪಿದೆ. ಅದು ಏರಲಿಲ್ಲ. ಕಮಟು ವಾಸನೆ ಬಂತು, ಕಣ್ಣು ತೆರೆದರೆ ಸೆರಗಿನಲ್ಲಿ ಮೊರದಗಲ ಕಪ್ಪು. ಕೈ ಸೋಕಿದರೆ ಅದು ಇದ್ದಿಲಾಗಿ ಉದುರಿತು. ಅದರ ಸುತ್ತ ಸೀರೆ ಸೀರೆಯಾಗಿಯೇ ಇತ್ತು. ಮೊಣಕೈಯ ಹತ್ತಿರ ಒಂದಿಷ್ಟು ಬೊಬ್ಬೆ ಎದ್ದದ್ದು ಬಿಟ್ಟರೆ ನನಗೇನೂ ಆಗಿರಲಿಲ್ಲ. ಅತ್ತೆ ಸ್ಟವ್ವಿನ ತಿರುಪು ಬಿಚ್ಚಿ ಗಾಳಿ ಬಿಟ್ಟು, ನನ್ನನ್ನು ತಬ್ಬಿಕೊಂಡು ಹೊಟ್ಟೆ ಸವರಿದರು. ಒಳಗೆ ಕೂಸು ಒದ್ದಿತು.

ಆಮೇಲೆ ಅತ್ತೆ ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದುವರೆಗೆ ಒಂದು ದಿನವೂ ಮೇಲಿನ ಮನೆಯ ಮೆಟ್ಟಿಲು ತುಳಿಯದವರು, ಉಟ್ಟ ಮಡಿಯಲ್ಲೇ ಕೈಯೂರಿಕೊಂಡು ಹತ್ತಿ ಹೋದರು. ಆಫೀಸಿಗೆ ಹೊರಟಿದ್ದ ಅಕ್ಕ ಬಾಗಿಲಲ್ಲಿ ಅವರನ್ನು ಕಂಡು ಗಾಬರಿಯಾದರು. ನಾನು ಮೆಟ್ಟಿಲ ಕೆಳಗೆ ನಿಂತು ನೋಡುತ್ತಿದ್ದೆ. ಅತ್ತೆ ಹೇಳಿದ್ದು ಇಷ್ಟೇ:

"ಉಪ್ಪು ಮುಗೀತಾ ಬಂದಿದೆ ಕಣಮ್ಮ. ಇನ್ನೊಂದಿಷ್ಟು ಕೊಡು."

ಅಕ್ಕ ಕೆಳಗೆ ಓಡಿ ಬಂದು ನನ್ನ ಸೆರಗು ಹಿಡಿದು ನೋಡಿದರು. ಸುಟ್ಟ ಅಂಚಿನ ಮೇಲೆ ಬೆರಳಾಡಿಸಿದರು. ಹೆಮ್ಮೆಪಡಬಹುದಾಗಿತ್ತು, ನಾ ಹೇಳಿದ್ದೆನಲ್ಲ ಎನ್ನಬಹುದಾಗಿತ್ತು. ನನ್ನ ಎದುರಿಗೆ ನೆಲದ ಮೇಲೆ ಕುಸಿದು ಕೂತು ಅತ್ತರು. "ಗುಡಾರಾ ನೋಡಿದ್ದೆ, ಪರದೆ ನೋಡಿದ್ದೆ. ತಾನಾಗೇ ಹತ್ತಿದ ಬೆಂಕಿ ಮುಂದ ಮನಶಾರು ನಿಂತದ್ದ ನೋಡಿದ್ದಿಲ್ಲ ತಂಗಿ. ನಂಗೂ ಅಂಜಿಕಿ ಇತ್ತು" ಎಂದರು. ಅಷ್ಟು ಗಟ್ಟಿಯ ಹೆಂಗಸು ಅಂಜಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮನೆಮನೆ ಸುತ್ತಿದ್ದರು ಎಂದು ಅಂದು ನನಗೆ ತಿಳಿಯಿತು. ಆವತ್ತಿನಿಂದ ನಾನು ಅವರನ್ನು ಇನ್ನೂ ಹೆಚ್ಚು ಪ್ರೀತಿಸಿದೆ.

ಸುಟ್ಟ ಸೆರಗಿನ ತುಂಡನ್ನು ಪ್ರಯೋಗಾಲಯಕ್ಕೆ ಕೊಡಿ ಎಂದು ಅಕ್ಕ ಕೇಳಿದರೆ ಅತ್ತೆ ಸುತರಾಂ ಕೊಡಲಿಲ್ಲ. ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಪೆಟ್ಟಿಗೆಯಲ್ಲಿಟ್ಟರು. ಅಕ್ಕ ಇದನ್ನು ನೆನೆಸಿಕೊಂಡು ನಗುತ್ತಿದ್ದರು, "ನನ್ನ ರಿಸರ್ಚು ದೇವರ ಪೆಟಗಿಯೊಳಗ ಅದ" ಎಂದು.

ದಶಕ ಮುಗಿಯುವ ಹೊತ್ತಿಗೆ ಅಕ್ಕ ಸೂರತ್ತಿಗೆ ಹೋದರು. ಅಲ್ಲಿ ಆರ್ಟ್ ಸಿಲ್ಕ್ ಎನ್ನುವ ಕೃತಕ ರೇಷ್ಮೆ, ನೈಲಾನ್‌ಗಳ ಕಾಲ ಬಂದಿತ್ತು. ಒಮ್ಮೆ ಮಣಿನಗರಕ್ಕೆ ಬಂದಾಗ ನಾನು ಹೂವಿನ ನೈಲಾನ್ ಸೀರೆಯಲ್ಲಿದ್ದೆ. ಎಷ್ಟು ಹಗುರ, ಒಗೆದರೆ ಕ್ಷಣದಲ್ಲಿ ಒಣಗುತ್ತದೆ ಎಂದು ಬೀದಿಯೇ ಅದಕ್ಕೆ ಮರುಳಾಗಿತ್ತು. ಅಕ್ಕ ನನ್ನ ಸೆರಗನ್ನು ಬೆರಳ ನಡುವೆ ಉಜ್ಜಿ ನೋಡಿ, "ಇದಕ್ಕ ನನ್ನ ಉಪ್ಪು ಹತ್ತಂಗಿಲ್ಲ ತಂಗಿ. ಇದು ಕರಗಿ ಮೈಗೆ ಅಂಟತದ. ಇದಕ್ಕೇನರ ಹುಡಕಬೇಕು. ಅಲ್ಲೀತನಕಾ ಇದನ್ನುಟ್ಟು ಒಲಿ ಮುಂದ ಹೋಗಬ್ಯಾಡ" ಎಂದರು. ಅವರ ಮುಖದಲ್ಲಿ ದಣಿವು ಕಂಡಿತು. ಒಂದು ಬೀದಿಯನ್ನು ಗೆದ್ದು ಮುಗಿಸುವಷ್ಟರಲ್ಲಿ ಬಟ್ಟೆಯೇ ಬದಲಾಗಿಹೋಗಿತ್ತು. ಅದಕ್ಕೇನಾದರೂ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು... ನಾನಂತೂ ಇವತ್ತಿನವರೆಗೆ ಅಡುಗೆಮನೆಗೆ ಹತ್ತಿಯನ್ನಲ್ಲದೆ ಬೇರೆ ಉಟ್ಟಿಲ್ಲ.

ನಮಗೆ ಬರೋಡಾಕ್ಕೆ ವರ್ಗವಾಯಿತು. ಮಕ್ಕಳು, ಮನೆ, ಅತ್ತೆಯ ಕಾಯಿಲೆ ಎಂದು ದಿನಗಳು ಉರುಳಿದವು. ಒಂದು ಯುಗಾದಿಗೆ ಊರಿನ ಕನ್ನಡದವರೆಲ್ಲ ಸೇರಿದ್ದಾಗ, ಸೂರತ್ತಿನಿಂದ ಬಂದ ಒಬ್ಬರು ಒಬ್ಬಟ್ಟು ಬಡಿಸುತ್ತಾ, ಆ ಧಾರವಾಡದವರು ತೀರಿಕೊಂಡು ವರ್ಷದ ಮೇಲಾಯಿತು ಎಂದರು. ಮಾತಿನ ನಡುವೆ ಬಂದ ಮಾತು. ನನಗೆ ಎಲೆಯ ಮುಂದೆ ಕೂರಲಾಗಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದ ಅತ್ತೆ ಎದ್ದು ಕೂತು, ಬಿಸಿನೀರು ಕಾಯಿಸಲೂ ಬಿಡದೆ, ತಣ್ಣೀರಿನಲ್ಲೇ ತಲೆಗೆ ಮಿಂದರು. ಸ್ವಂತದವರು ಹೋದರೆ ಮಾತ್ರ ಅವರು ಹಾಗೆ ಮಾಡುತ್ತಿದ್ದುದು.

ಮೊನ್ನೆ ತಾಲೀಮು ಮುಗಿಸಿ ಬಂದು, ಪುಡಿ ಬಿದ್ದ ಆ ಸೀರೆಯನ್ನು ಮಗಳು ಮೆಷಿನ್ನಿಗೆ ಹಾಕಿದಳು. ಸಂಜೆ ಅದು ಒಣಗಿದ ಮೇಲೆ ಯಾಕೋ ತಡೆಯಲಾಗದೆ ಸೆರಗಿನಿಂದ ಒಂದು ದಾರ ಎಳೆದು, ಅಡುಗೆಮನೆಗೆ ಹೋಗಿ ಕಡ್ಡಿ ಗೀರಿದೆ. ದಾರ ಸರ್ರನೆ ಉರಿದು ಬೆರಳಿಗೆ ತಾಗಿತು.

"ಅಮ್ಮಾ! ಏನು ಮಾಡ್ತಿದೀಯಾ ನೀನು?" ಮಗಳು ಓಡಿ ಬಂದು ನನ್ನ ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು. ಅಂದು ಹೊಟ್ಟೆಯೊಳಗಿಂದ ಒದ್ದ ಅವಳ ತಲೆಯಲ್ಲೂ ಈಗ ನೆರೆ ತುಂಬಿದೆ.

ಶನಿವಾರ ಕಣೆ, ಎಂದೆ. ದಾರ ಕೇಳಲು ಇನ್ನು ಯಾರೂ ಮೆಟ್ಟಿಲಿಳಿದು ಬರುವುದಿಲ್ಲ ಎಂಬುದು ಆಗಲೇ ನನಗೆ ಪೂರ್ತಿಯಾಗಿ ಅರ್ಥವಾದದ್ದು. ಅವಳ ಕೈ ಹಿಡಿದುಕೊಂಡು ಅಲ್ಲೇ ನಿಂತು ಅತ್ತುಬಿಟ್ಟೆ.